ತಡವಾಗಿ ಏಳುವ ಡಿಸ್ಕು

ರಾತ್ರಿ ಚೆನ್ನಾಗಿದ್ದ ಕಂಪ್ಯೂಟರು ಬೆಳಿಗ್ಗೆ ಹಾರ್ಡ್‌ಡಿಸ್ಕನ್ನು ಗುರುತಿಸುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಗುರುತಿಸುತ್ತದೆ. ಎರಡು ಮೂರು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿನ ಮೇಜಿನ ಮೇಲೆ ಮೊದಲ ಸಲಕ್ಕೇ ಬೂಟ್ ಆಗುತ್ತದೆ. ‘ಏನೂ ಇಲ್ಲ ಸಾರ್, ಲೂಸ್ ಕಾಂಟ್ಯಾಕ್ಟ್ ಇರಬೇಕು’ ಎಂದು ಕೇಬಲ್ ಒತ್ತಿ ಕೊಟ್ಟು ಕಳಿಸುತ್ತಾರೆ. ಪೂರ್ತಿ ಕೆಟ್ಟ ಡಿಸ್ಕಿನ ವಿಷಯದಲ್ಲಿ ಗೊಂದಲವಿಲ್ಲ, ಬೇರೆ ಹಾಕಿಸಬೇಕು ಅಷ್ಟೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಡಿಸ್ಕೇ ನಿಜವಾದ ತಲೆನೋವು.

ಈ ತಲೆನೋವಿನ ಹಿಂದೆ ಒಳ್ಳೆಯ ಭೌತವಿಜ್ಞಾನವಿದೆ. ಅದನ್ನು ಹೇಳಲು ಬೆಂಗಳೂರಿನ ಹವಾನಿಯಂತ್ರಿತ ಕಚೇರಿಗಿಂತ ಕೊಳತ್ತೂರಿನಂಥ ಊರೇ ಮೇಲು.

ಕೊಳತ್ತೂರು ಇರುವುದು ತಮಿಳುನಾಡಿನ ಸೇಲಂ ಜಿಲ್ಲೆಯ ಮೆಟ್ಟೂರು ತಾಲ್ಲೂಕಿನಲ್ಲಿ. ಮೆಟ್ಟೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ಈ ಊರನ್ನು ಹಾದು, ಗೋವಿಂದಪಾಡಿ ಕಳೆದು, ಪಾಲಾರ್ ಹತ್ತಿರ ಕರ್ನಾಟಕಕ್ಕೆ ಕಾಲಿಡುತ್ತಾರೆ. ಪಕ್ಕದಲ್ಲೇ ಕಾವೇರಿಯ ಹಿನ್ನೀರು. ಆಚೆ ದಡಕ್ಕೆ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಸೀಮೆ. ಎರಡೂ ದಡಗಳಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಕುಟುಂಬಗಳಿವೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದು ಸ್ಟಾನ್ಲಿ ಜಲಾಶಯ ತುಂಬಿದಾಗ ಹಳ್ಳಿಗಳು ಮುಳುಗಿ, ಜನ ಎತ್ತರಕ್ಕೆ ಸರಿದ ಪ್ರದೇಶ ಇದು. ಅಣೆಕಟ್ಟಿನ ಬುಡದಲ್ಲಿ ಜಲವಿದ್ಯುತ್ ಘಟಕವಿದೆ. ಮೆಟ್ಟೂರಿನ ಶಾಖೋತ್ಪನ್ನ ಸ್ಥಾವರದಲ್ಲಿ 210 ಮೆಗಾವಾಟಿನ ನಾಲ್ಕು ಘಟಕಗಳ ಜೊತೆಗೆ 600 ಮೆಗಾವಾಟಿನ ಇನ್ನೊಂದಿದೆ. ಹಾಗಿದ್ದರೂ 2012ರ ವಿದ್ಯುತ್ ಬರಗಾಲದಲ್ಲಿ ಚೆನ್ನೈ ಹೊರಗಿನ ಜಿಲ್ಲೆಗಳು ದಿನಕ್ಕೆ ಹತ್ತು ಗಂಟೆ ಮೀರಿದ ಕಡಿತ ಕಂಡವು. ವಿದ್ಯುತ್ ಹುಟ್ಟುವ ಜಾಗಕ್ಕೆ ಹತ್ತಿರವಿದ್ದ ಮಾತ್ರಕ್ಕೆ ಹಳ್ಳಿಯ ಲೈನಿನ ಕೊನೆಯ ಮನೆಗೆ ಒಳ್ಳೆಯ ಕರೆಂಟು ಸಿಗುವುದಿಲ್ಲ.

ಈ ಸೀಮೆಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಬಂದದ್ದು ಸರಕಾರದ ದಾರಿಯಲ್ಲಿ. 2011ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರ ತನ್ನ ಮತ್ತು ಅನುದಾನಿತ ಶಾಲೆಗಳ ಪ್ಲಸ್ ಟೂ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲು ಆರಂಭಿಸಿತು. ಸರಕಾರಿ ಸಂಸ್ಥೆಯಾದ ಎಲ್ಕಾಟ್ ಖರೀದಿಸಿದ ಆ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಬಾಸ್ ಎಂದರೆ ಭಾರತ್ ಆಪರೇಟಿಂಗ್ ಸಿಸ್ಟಂ ಸೊಲ್ಯೂಷನ್ಸ್. ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ರೂಪಿಸಿದ್ದು, ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಬಳಸಬಹುದಾದದ್ದು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ, ಅದು 2017ರಲ್ಲಿ ಕೈಟ್ ಆದ ಮೇಲೂ, ಲಿನಕ್ಸ್ ಮೇಲೆಯೇ ಪಾಠ ಕಲಿಯುತ್ತ ಬಂದಿದ್ದಾರೆ. ಗಡಿನಾಡಿನ ಕನ್ನಡಿಗರಿಗೆ ಲಿನಕ್ಸ್ ಹೊಸಬನಲ್ಲ. ಹಳೆಯ ಡಿಸ್ಕು, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಹಳೆಯ ಎಸ್‌ಎಂಪಿಎಸ್, ಆಗಾಗ ಹೋಗಿ ಬರುವ ಕರೆಂಟು, ಜೊತೆಗೆ ಲಿನಕ್ಸ್: ಈ ನಾಲ್ಕೂ ಸೇರಿದ ಕಡೆ ನಮ್ಮ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ.

ಪೇಟೆಯ ಒಂದು ಜೆರಾಕ್ಸ್ ಅಂಗಡಿ ಎಂದಿಟ್ಟುಕೊಳ್ಳಿ. ಎರಡು ಡಿಸ್ಕಿನ ಅಸೆಂಬಲ್ಡ್ ಕಂಪ್ಯೂಟರು. ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ಗಿರಾಕಿಗಳ ಪಟ್ಟಾ, ರೇಷನ್ ಕಾರ್ಡಿನ ಸ್ಕ್ಯಾನು, ಲಗ್ನಪತ್ರಿಕೆಯ ವಿನ್ಯಾಸ, ಮದುವೆಯ ಫೋಟೊ, ಮಹದೇಶ್ವರನ ಹಾಡು ಹೇಳುವವರನ್ನು ಕೂರಿಸಿ ಮೊಬೈಲಿನಲ್ಲಿ ಹಿಡಿದ ಧ್ವನಿ. ಬೆಳಿಗ್ಗೆ ಅಂಗಡಿ ತೆರೆದು ಸ್ವಿಚ್ ಒತ್ತಿದ ಕ್ಷಣದಿಂದ ಆ ಪೆಟ್ಟಿಗೆಯೊಳಗೆ ಏನಾಗುತ್ತದೆ?

ಎಸ್‌ಎಂಪಿಎಸ್‌ನಿಂದ 12 ವೋಲ್ಟ್, 5 ವೋಲ್ಟ್ ಹೊರಡುತ್ತವೆ. ಮದರ್‌ಬೋರ್ಡಿನಲ್ಲೇ ಇರುವ, ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಎಚ್ಚರಗೊಂಡು ಮೆಮೊರಿ ಪರೀಕ್ಷಿಸುತ್ತದೆ. ಅದೇ ಹೊತ್ತಿಗೆ ಡಿಸ್ಕಿನೊಳಗಿನ ಮೋಟರು ನಿಂತ ತಟ್ಟೆಗಳನ್ನು ತಿರುಗಿಸಲು ಹೆಣಗುತ್ತಿರುತ್ತದೆ. ಅವು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತಿನ ವೇಗಕ್ಕೆ ಬರಬೇಕು. ಆ ವೇಗದಲ್ಲಿ ಏಳುವ ಗಾಳಿಯ ತೆಳುಪದರದ ಮೇಲೆ ಓದುವ ಹೆಡ್ಡು ತೇಲಬೇಕು. ತಟ್ಟೆಗೂ ಹೆಡ್ಡಿಗೂ ನಡುವೆ ಉಳಿಯುವ ಅಂತರ ಕೆಲವೇ ನ್ಯಾನೋಮೀಟರ್. ವೇಗ ಸಾಲದಿದ್ದರೆ ಹೆಡ್ಡನ್ನು ಇಳಿಸುವಂತಿಲ್ಲ. ಹೆಡ್ಡು ಇಳಿದ ಮೇಲೆ ಡಿಸ್ಕು ತನ್ನದೇ ತಟ್ಟೆಯ ಮೇಲೆ ಬರೆದಿಟ್ಟ ಒಳಗಿನ ತಂತ್ರಾಂಶದ ಭಾಗಗಳನ್ನು ಓದಿಕೊಳ್ಳುತ್ತದೆ. ಆಮೇಲಷ್ಟೇ ಅದು ‘ಸಿದ್ಧ’ ಎನ್ನುತ್ತದೆ. ಇಷ್ಟಕ್ಕೆ ಐದಾರು ಸೆಕೆಂಡು ಹಿಡಿಯಬಹುದು, ಹತ್ತೂ ಹಿಡಿಯಬಹುದು. ವಯಸ್ಸಾದ ಡಿಸ್ಕಿಗೆ ಇನ್ನೂ ಹೆಚ್ಚು.

ಬಯಾಸ್ ಅಷ್ಟು ಹೊತ್ತು ಕಾಯುತ್ತದೆಯೇ? ಅದು ತಯಾರಕರ ಮರ್ಜಿ. ಶಾಲೆಯಲ್ಲಿ ಬೆಳಗಿನ ಹಾಜರಿ ಕರೆಯುವ ಹಾಗೆ ಅದು ಪ್ರತಿ ಪೋರ್ಟಿನ ಹೆಸರು ಕೂಗುತ್ತದೆ; ಉತ್ತರ ಬಾರದಿದ್ದರೆ ಗೈರುಹಾಜರಿ ಹಾಕಿ ಮುಂದೆ ಹೋಗುತ್ತದೆ. ಬಯಾಸ್‌ನಲ್ಲಿ ‘ಫಾಸ್ಟ್ ಬೂಟ್’ ಆನ್ ಆಗಿದ್ದರೆ ಕೂಗುವುದೂ ಅವಸರದಲ್ಲೇ. ಹುಡುಗ ಗೇಟಿನ ಹತ್ತಿರ ಓಡಿಬರುತ್ತಿದ್ದರೂ ಪುಸ್ತಕದಲ್ಲಿ ಅವನಿಲ್ಲ. ಬೆಳಿಗ್ಗೆ ಸಿಗದ ಡಿಸ್ಕು ರೀಸ್ಟಾರ್ಟ್ ಮಾಡಿದ ಕೂಡಲೇ ಸಿಗುವುದು ಇದಕ್ಕೇ. ರೀಸ್ಟಾರ್ಟಿನಲ್ಲಿ ಡಿಸ್ಕಿಗೆ ಕರೆಂಟು ತಪ್ಪುವುದಿಲ್ಲ, ತಟ್ಟೆ ಆಗಲೇ ಪೂರ್ಣ ವೇಗದಲ್ಲಿರುತ್ತದೆ, ಕೂಗಿದ ತಕ್ಷಣ ಓಗೊಡುತ್ತದೆ.

ಇಲ್ಲೇ ಒಂದು ಪರೀಕ್ಷೆಯೂ ಸಿಕ್ಕಿತು. ಡಿಸ್ಕು ಕಾಣದ ದಿನ ಪವರ್ ಆಫ್ ಮಾಡಬೇಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ರೀಸ್ಟಾರ್ಟ್ ಮಾತ್ರ ಮಾಡಿ. ಆಗ ಡಿಸ್ಕು ಬಂದರೆ ತಟ್ಟೆಗೆ ವೇಗ ಹಿಡಿಯುವುದು ತಡವಾಗಿದೆ, ಇಲ್ಲವೇ ಏಳುವ ಹೊತ್ತಿಗೆ ವಿದ್ಯುತ್ ಸಾಲದಾಗಿದೆ. ರೀಸ್ಟಾರ್ಟಿಗೆ ಬಗ್ಗದೆ, ಪ್ಲಗ್ ತೆಗೆದು ಹಾಕಿದಾಗ ಮಾತ್ರ ಬಂದರೆ ಡಿಸ್ಕಿನ ಅಥವಾ ಮದರ್‌ಬೋರ್ಡಿನ ಎಲೆಕ್ಟ್ರಾನಿಕ್ಸ್ ಸಿಕ್ಕಿಕೊಂಡು ನಿಂತಿದೆ ಎಂದು ಅನುಮಾನಿಸಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದು ಕಿವಿಯನ್ನೂ ಬಳಸಿ. ತಿರುಗುವ ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಕಡೆ ನೋಡಿ. ಸದ್ದು ಏರುತ್ತ ಹೋಗಿ ಟಿಕ್, ಟಿಕ್ ಎಂದು ಬಡಿದು ಮತ್ತೆ ಇಳಿದರೆ ಹೆಡ್ಡಿಗೆ ತೊಂದರೆಯಾಗಿದೆ. ಅಂಥ ಡಿಸ್ಕನ್ನು ಪದೇ ಪದೇ ಆನ್ ಮಾಡುವುದು ಅಪಾಯ. ಸದ್ದು ಸರಾಗವಾಗಿದ್ದೂ ಕಾಣದಿದ್ದರೆ ಕೇಬಲ್, ಪೋರ್ಟ್ ಅಥವಾ ಸಮಯದ ಹೊಂದಾಣಿಕೆ ಕೆಟ್ಟಿದೆ.

ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನ ಸ್ವಭಾವ ಬಯಾಸ್‌ನಂತಲ್ಲ. ಅದು ಬಯಾಸ್ ಬರೆದ ಹಾಜರಿಯನ್ನು ನಂಬದೆ ಪ್ರತಿ ಪೋರ್ಟನ್ನೂ ತಾನೇ ಹೊಸದಾಗಿ ವಿಚಾರಿಸುತ್ತದೆ. ಲಿನಕ್ಸ್ ಇರುವ ಡಿಸ್ಕೇ ಬಯಾಸ್‌ಗೆ ಕಾಣದಿದ್ದರೆ ಕರ್ನೆಲ್ ಓಡುವ ಮಾತೇ ಇಲ್ಲ. ‘ಬೂಟ್ ಮಾಡಲು ಸಾಧನವಿಲ್ಲ’ ಎಂಬ ಸಾಲಿಗೆ ಕಥೆ ನಿಲ್ಲುತ್ತದೆ. ಆದರೆ ನಮ್ಮ ಅಂಗಡಿಯ ಎರಡನೆಯ ಡಿಸ್ಕು ಬಯಾಸ್‌ಗೆ ಕಾಣದಿದ್ದರೂ ಲಿನಕ್ಸ್‌ಗೆ ಕಾಣಬಹುದು. ಹಾಗಾಗಿ ದೂರು ಕೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಡಿಸ್ಕು ಯಾರಿಗೆ ಕಾಣಲಿಲ್ಲ, ಬಯಾಸ್‌ಗೋ ಕರ್ನೆಲ್ಲಿಗೋ?

ಕರ್ನೆಲ್ಲಿನಲ್ಲಿ ಸಾಟಾ ಡಿಸ್ಕುಗಳನ್ನು ನೋಡಿಕೊಳ್ಳುವ ಭಾಗದ ಹೆಸರು ಲಿಬ್‌ಎಟಿಎ. ಉತ್ತರ ಕೊಡದ ಪೋರ್ಟಿಗೆ ಎಷ್ಟು ಹೊತ್ತು ಕಾಯಬೇಕು ಎಂಬ ಪಟ್ಟಿ ಅದರ ಮೂಲ ಸಂಕೇತದಲ್ಲೇ ಇದೆ: ಮೊದಲು 10 ಸೆಕೆಂಡು, ಮತ್ತೆ 10, ಆಮೇಲೆ 35, ಕೊನೆಗೆ 5. ಒಟ್ಟು ಒಂದು ನಿಮಿಷ. ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಬರೆದವರ ಟಿಪ್ಪಣಿಯೂ ಇದೆ. ಬಹುತೇಕ ಡಿಸ್ಕುಗಳು 10 ಸೆಕೆಂಡಿನೊಳಗೆ ವೇಗ ಹಿಡಿಯುತ್ತವೆ, ಸರಿಯಿರುವ ಡಿಸ್ಕುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು 20 ಸೆಕೆಂಡಿನೊಳಗೆ ಏಳುತ್ತವೆ, ವಿಚಿತ್ರವಾದವಕ್ಕೆ ಮೂವತ್ತು ಸೆಕೆಂಡಿಗೂ ಹೆಚ್ಚು ಬಿಡುವು ಕೊಡೋಣ, ಕೊನೆಯದಾಗಿ ಇನ್ನೊಂದು ಅವಕಾಶ ಎಂಬ ಅರ್ಥದ ಟಿಪ್ಪಣಿಗಳು. ಜಗತ್ತಿನ ಲಕ್ಷಾಂತರ ಡಿಸ್ಕುಗಳ ನಡವಳಿಕೆ ಈ ನಾಲ್ಕು ಸಾಲಿನಲ್ಲಿ ಅಡಗಿದೆ. ಓದಬಹುದಾದ ತಂತ್ರಾಂಶದ ಬೆಲೆ ನನಗೆ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಂಡಿಲ್ಲ.

ಇನ್ನು ಕರ್ನೆಲ್ಲಿನ ದಿನಚರಿ, ಅಂದರೆ ಲಾಗ್. ಟರ್ಮಿನಲ್ ತೆರೆದು ಡಿಮೆಸೇಜ್ ಎಂದು ಓದುವ dmesg ಆದೇಶ ಕೊಟ್ಟರೆ ಈ ಸಲದ ಬೂಟಿನ ದಿನಚರಿ ಬರುತ್ತದೆ. ಜರ್ನಲ್‌ಸಿಟಿಎಲ್ ಆದೇಶಕ್ಕೆ ಹಿಂದಿನ ಬೂಟಿನದನ್ನು ಕೇಳುವ ಸೂಚನೆ ಸೇರಿಸಿದರೆ ಅದೂ ಬರುತ್ತದೆ. ಡಿಮೆಸೇಜ್‌ನ ಪ್ರತಿ ಸಾಲಿನ ಆರಂಭದಲ್ಲಿ ಕರ್ನೆಲ್ ಶುರುವಾಗಿ ಎಷ್ಟು ಸೆಕೆಂಡು ಆಯಿತೆಂಬ ಅಂಕಿ ಇರುತ್ತದೆ. ಡಿಸ್ಕು ಸರಿಯಾಗಿ ಬಂದ ದಿನ ಎರಡು ಮೂರು ಸೆಕೆಂಡಿನ ಹೊತ್ತಿಗೆ ‘ಎಟಿಎ3: ಸಾಟಾ ಕೊಂಡಿ ಕೂಡಿತು, 6 ಗಿಗಾಬಿಟ್’ ಎಂಬರ್ಥದ ಸಾಲು ಕಾಣುತ್ತದೆ. ಕೈಕೊಟ್ಟ ದಿನ ಅದೇ ಜಾಗದಲ್ಲಿ ಆರೇಳು ಸೆಕೆಂಡಿಗೆ ‘ಕೊಂಡಿ ನಿಧಾನವಾಗಿ ಉತ್ತರಿಸುತ್ತಿದೆ, ದಯವಿಟ್ಟು ತಾಳ್ಮೆಯಿರಲಿ’ ಎಂಬ ಸಾಲು. ಹನ್ನೊಂದು ಹನ್ನೆರಡು ಸೆಕೆಂಡಿಗೆ ‘ಕಾಮ್‌ರೀಸೆಟ್ ವಿಫಲ, ದೋಷ −16’. ಕಾಮ್‌ರೀಸೆಟ್ ಎಂದರೆ ಮದರ್‌ಬೋರ್ಡು ಡಿಸ್ಕಿಗೆ ಕಳಿಸುವ ಮೊದಲ ಕೂಗು. 16 ಎಂಬ ಅಂಕಿಗೆ ‘ಕಾರ್ಯನಿರತ’ ಎಂಬ ಅರ್ಥ. ಡಿಸ್ಕು ಅಲ್ಲೇ ಇದೆ, ಇನ್ನೂ ಕೆಲಸದಲ್ಲಿದೆ, ಮಾತಾಡಲು ಬಿಡುವಿಲ್ಲ. ಕರ್ನೆಲ್ ಹಲವು ಸಲ ಯತ್ನಿಸಿ, ಕೊನೆಗೆ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಿ ನೋಡುತ್ತೇನೆ ಎಂದು ಬರೆಯುತ್ತದೆ.

ಕೊಂಡಿ ಕೂಡಿತು ಅಥವಾ ಕೂಡಲಿಲ್ಲ ಎನ್ನುವ ಸಾಲುಗಳ ಕೊನೆಯಲ್ಲಿ ‘ಎಸ್‌ಸ್ಟೇಟಸ್’ ಎಂಬ ಚಿಕ್ಕ ಸಂಖ್ಯೆಯೊಂದಿರುತ್ತದೆ. ಹೆಚ್ಚಿನವರು ಅದರ ಮೇಲೆ ಕಣ್ಣು ಹಾಯಿಸದೆ ಬಿಡುತ್ತಾರೆ. ನಿಧಾನವಾಗಿ ಓದಿ. 133 ಎಂದಿದ್ದರೆ, ಬಲತುದಿಯ 3 ಹೇಳುವುದು ಸಾಧನ ಇದೆ, ಸಂಪರ್ಕವೂ ಸಿಕ್ಕಿದೆ ಎಂದು. ನಡುವಿನ 3 ಹೇಳುವುದು ಮೂರನೆಯ ಪೀಳಿಗೆಯ ವೇಗ, ಅಂದರೆ 6 ಗಿಗಾಬಿಟ್. ಎಡದ 1 ಹೇಳುವುದು ಕೊಂಡಿ ಎಚ್ಚರವಾಗಿದೆ ಎಂದು. 123 ಆದರೆ 3 ಗಿಗಾಬಿಟ್, 113 ಆದರೆ 1.5. ಹೊಸ ಡಿಸ್ಕು 113ರಲ್ಲಿ ನಿಂತಿದ್ದರೆ ಕೇಬಲಿನ ಮೇಲೆ ಗುಮಾನಿ ಇರಲಿ. ಬರೀ 0 ಎಂದರೆ ಆ ತುದಿಯಲ್ಲಿ ಯಾವ ಸಾಧನದ ಸುಳಿವೂ ಇಲ್ಲ: ಡಿಸ್ಕಿಗೆ ವಿದ್ಯುತ್ ಹೋಗಿಲ್ಲ, ಅಥವಾ ಕೇಬಲ್ ಕಳಚಿದೆ, ಅಥವಾ ಡಿಸ್ಕಿನ ಬೋರ್ಡು ಸತ್ತಿದೆ. ಬರೀ 1 ಎಂದರೆ ಯಾರೋ ಇದ್ದಾರೆ, ಆದರೆ ಮಾತು ಕೂಡುತ್ತಿಲ್ಲ. ಮೂರು ಅಂಕಿಗಳಲ್ಲಿ ಇಷ್ಟು ವಿವರ ಇರುವಾಗ ಡಿಸ್ಕು, ಮದರ್‌ಬೋರ್ಡು, ಎಸ್‌ಎಂಪಿಎಸ್ ಎಲ್ಲವನ್ನೂ ಊಹೆಯ ಮೇಲೆ ಬದಲಾಯಿಸುವುದು ಹಣ ಹಾಳು ಮಾಡಿದಂತೆ.

ಬೂಟ್ ಡಿಸ್ಕೇ ಕೈಕೊಟ್ಟರೆ ದಿನಚರಿ ಬರೆಯಲು ಜಾಗವೇ ಇರುವುದಿಲ್ಲ. ಆಗ ಮೊಬೈಲ್ ತೆಗೆದು ಪರದೆಯ ಫೋಟೊ ಹೊಡೆದುಕೊಳ್ಳಿ. ಕೆಲವೊಮ್ಮೆ ಲಿನಕ್ಸ್ ಅರ್ಧ ದಾರಿಗೆ ಬಂದು, ಇಂಥ ಗುರುತಿನ ಡಿಸ್ಕು ಇಲ್ಲ ಎಂದು ಇನಿಟ್‌ರಾಮ್‌ಎಫ್‌ಎಸ್ ಎಂಬ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಡೆಬಿಯನ್, ಉಬುಂಟು ಬಗೆಯವುಗಳಲ್ಲಿ ಹತ್ತಿಪ್ಪತ್ತು ಸೆಕೆಂಡು ಬಿಟ್ಟು ಅಲ್ಲಿ ‘ಎಕ್ಸಿಟ್’ ಎಂದು ಬರೆದು ಎಂಟರ್ ಒತ್ತಿ. ಬೂಟ್ ಮುಂದುವರಿದರೆ ಡಿಸ್ಕು ಬರೀ ತಡವಾಗಿತ್ತು ಎಂದು ಸಾಬೀತಾಯಿತು. ಕರ್ನೆಲ್ಲಿಗೆ ‘ರೂಟ್‌ಡಿಲೇ’ ಸೂಚನೆ ಕೊಟ್ಟು ಕೆಲವು ಸೆಕೆಂಡು ಹೆಚ್ಚು ಕಾಯಿಸಬಹುದು. ಇದು ತಾತ್ಕಾಲಿಕ ಆಸರೆ ಮಾತ್ರ. ನಿನ್ನೆ ಹತ್ತು ಸೆಕೆಂಡಿಗೆ ಎದ್ದ ಡಿಸ್ಕಿಗೆ ಇಂದು ಇಪ್ಪತ್ತು ಬೇಕಾದರೆ ಕಾರಣ ಬೇರೆಲ್ಲೋ ಇದೆ.

ಆ ಕಾರಣ ಬಹಳ ಸಲ ಡಿಸ್ಕಿನ ಹೊರಗೆ, ವಿದ್ಯುತ್ತಿನಲ್ಲಿ ಇರುತ್ತದೆ. ಮೂರೂವರೆ ಇಂಚಿನ ಡಿಸ್ಕು ತಿರುಗಲು ಆರಂಭಿಸುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಮ್ಮೆ ವೇಗ ಹಿಡಿದ ಮೇಲೆ ಅದರ ಕಾಲುಭಾಗದಷ್ಟೂ ಬೇಕಿಲ್ಲ. ನಾಲ್ಕು ಡಿಸ್ಕು ಒಟ್ಟಿಗೆ ಎದ್ದರೆ ಆ ಕೆಲವು ಸೆಕೆಂಡು ಸುಮಾರು 96 ವಾಟ್ ಅವಕ್ಕೇ ಬೇಕು. ಎಸ್‌ಎಂಪಿಎಸ್ 12 ವೋಲ್ಟನ್ನು ಶೇಕಡಾ 5ರ ಒಳಗೆ, ಅಂದರೆ 11.4ರಿಂದ 12.6ರ ನಡುವೆ, ಹಿಡಿದಿಡಬೇಕು. ಅದಕ್ಕಿಂತ ಬಹಳ ಇಳಿದರೆ ಡಿಸ್ಕಿನ ಬೋರ್ಡು ತನ್ನನ್ನು ಕಾಪಾಡಿಕೊಳ್ಳಲು ಮೋಟರನ್ನು ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತದೆ. ಬಯಾಸ್ ಹಾಜರಿ ಅಷ್ಟರಲ್ಲಿ ಮುಗಿದಿರುತ್ತದೆ.

ಎಸ್‌ಎಂಪಿಎಸ್ ಸೋಲುವುದು ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿದಾಗ. ಒಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಆರುತ್ತ ಹೋಗುತ್ತದೆ; ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ ಸೇಲಂ ಸೀಮೆಯ ತಗಡಿನ ಸೂರಿನ ಅಂಗಡಿಯೊಳಗೆ ಆ ಲೆಕ್ಕ ಬೇಗ ಮುಗಿಯುತ್ತದೆ. ಒಣಗಿದ ಕೆಪಾಸಿಟರಿನ ಒಳಗಿನ ರೋಧ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಬೆಳಗಿನ ಮೊದಲ ಯತ್ನ ಸೋತು, ಎರಡು ಮೂರು ಸಲ ಆನ್ ಮಾಡಿ ಎಸ್‌ಎಂಪಿಎಸ್ ಕೊಂಚ ಬೆಚ್ಚಗಾದ ಮೇಲೆ ಎಲ್ಲ ಸರಿಹೋಗುವುದಕ್ಕೆ ಇದೂ ಒಂದು ವಿವರಣೆ. ರಿಪೇರಿ ಅಂಗಡಿಯ ಮೇಜಿನ ಮೇಲೆ ದೋಷ ಸಿಗದಿರುವುದಕ್ಕೂ ಇಂಥದೇ ಕಾರಣವಿರಬಹುದು. ಅಲ್ಲಿನ ಕರೆಂಟು ಬೇರೆ, ಅನೇಕ ಸಲ ಅಲ್ಲಿ ಹಾಕಿ ನೋಡುವ ಎಸ್‌ಎಂಪಿಎಸ್ಸೇ ಬೇರೆ. ಮಲ್ಟಿಮೀಟರ್ 12.0 ತೋರಿಸಿತೆಂದು ಎಸ್‌ಎಂಪಿಎಸ್‌ಗೆ ಕ್ಷಮೆ ಕೊಡಬೇಡಿ. ಮೀಟರು ಸರಾಸರಿ ತೋರಿಸುತ್ತದೆ, ಕ್ಷಣಮಾತ್ರದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಕೆಲವು ಬೆಳಗು ನೋಡುವುದೇ ನಂಬಬಹುದಾದ ದಾರಿ.

ಹಳ್ಳಿಯ ಲೈನಿಗೆ ಇನ್ನೊಂದು ಗುಣವಿದೆ. ಕರೆಂಟು ಬಂದ ಗಳಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳು ಆಟೋ ಸ್ಟಾರ್ಟರಿನಿಂದ ಒಟ್ಟಿಗೆ ಚಾಲೂ ಆಗುತ್ತವೆ. ಇಂಡಕ್ಷನ್ ಮೋಟರು ನಿಂತಲ್ಲಿಂದ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬಿದ್ದು ಅಷ್ಟು ಹೊತ್ತು ವೋಲ್ಟೇಜ್ ಕುಸಿಯುತ್ತದೆ. ಬಯಾಸ್‌ನಲ್ಲಿ ‘ಕರೆಂಟು ಬಂದಾಗ ತಾನಾಗಿ ಆನ್ ಆಗು’ ಎಂಬ ಆಯ್ಕೆ ಇಟ್ಟಿದ್ದರೆ ಕಂಪ್ಯೂಟರು ಏಳುವುದೂ ಸರಿಯಾಗಿ ಆ ಕೆಟ್ಟ ಗಳಿಗೆಯಲ್ಲೇ. ಆ ಆಯ್ಕೆಯನ್ನು ತೆಗೆದುಹಾಕಿ. ಕರೆಂಟು ಬಂದು ಐದು ನಿಮಿಷವಾದ ಮೇಲೆ ಕೈಯಿಂದಲೇ ಆನ್ ಮಾಡಿ. ಖರ್ಚಿಲ್ಲದ ಈ ಉಪಾಯ ಸಾಕಷ್ಟು ಡಿಸ್ಕುಗಳನ್ನು ಉಳಿಸುತ್ತದೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರು ಜೋಡಿಸಿದ್ದರೆ ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಲಿ. ನಾರ್ಮಲ್ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಹಿಡಿಯುವ ಹೊತ್ತು ಹೆಚ್ಚು. ಒಣಗಿದ ಕೆಪಾಸಿಟರಿನ ಎಸ್‌ಎಂಪಿಎಸ್ ಅಷ್ಟು ಹೊತ್ತು ಉಸಿರು ಹಿಡಿಯಲಾರದು.

ಕರೆಂಟು ಕಡಿತದ ಜೊತೆಗೆ ಬರುವ ಇನ್ನೊಂದು ದೋಷ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಬಯಾಸ್ ತನ್ನ ಆಯ್ಕೆಗಳನ್ನು ಮರೆತು ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಡಿಸ್ಕಿನೊಡನೆ ಮಾತಾಡುವ ವಿಧಾನ ಎಎಚ್‌ಸಿಐ ಇದ್ದಲ್ಲಿ ರೇಡ್ ಅಥವಾ ಐಡಿಇ ಆಗಬಹುದು, ಬೂಟ್ ಕ್ರಮ ತಲೆಕೆಳಗಾಗಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ರೇಡ್ ಆಯ್ಕೆ ಇದ್ದರೆ ಎನ್‌ವಿಎಂಇ ಡಿಸ್ಕು ಲಿನಕ್ಸ್‌ಗೆ ಕಾಣುವುದೇ ಇಲ್ಲ. ಗುರುತು ಸುಲಭ: ಗಡಿಯಾರ ಹಳೆಯ ತಾರೀಕಿಗೆ ಹೋಗಿರುತ್ತದೆ, ಬ್ರೌಸರು ಯಾವ ತಾಣವನ್ನೂ ನಂಬುವುದಿಲ್ಲ.

ಕೇಬಲಿಗೆ ಬರೋಣ. 2003ರ ಹೊತ್ತಿಗೆ ಬಂದ ಸಾಟಾ ಕೇಬಲಿನ ಸಾಮಾನ್ಯ ಕನೆಕ್ಟರನ್ನು 50 ಸಲ ಹಾಕಿ ತೆಗೆಯಲು ಮಾತ್ರ ವಿನ್ಯಾಸ ಮಾಡಲಾಗಿದೆ. ರಿಪೇರಿಗೆ ಹೋದಾಗಲೆಲ್ಲ ಎಳೆದು ಒತ್ತಿದ ಕೇಬಲಿಗೆ ಐವತ್ತು ದೊಡ್ಡ ಸಂಖ್ಯೆಯಲ್ಲ. ಕೇಬಲಿನಲ್ಲಿ ಹಾದಿ ತಪ್ಪಿದ ದತ್ತಾಂಶದ ಲೆಕ್ಕವನ್ನು ಡಿಸ್ಕೇ ಇಡುತ್ತದೆ. ಸ್ಮಾರ್ಟ್‌ಸಿಟಿಎಲ್ ಆದೇಶದಿಂದ ಬರುವ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿಯಲ್ಲಿ 199ನೆಯ ಸಾಲು, ಸಿಆರ್‌ಸಿ ದೋಷಗಳದ್ದು. ಈ ಲೆಕ್ಕ ಎಂದೂ ಸೊನ್ನೆಗೆ ಮರಳುವುದಿಲ್ಲ, ಹಾಗಾಗಿ ಅಲ್ಲಿ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ. ಇಂದು ಬರೆದಿಟ್ಟುಕೊಂಡು ವಾರ ಬಿಟ್ಟು ನೋಡಿ. ಏರಿದ್ದರೆ ಕೇಬಲ್ ಅಥವಾ ಪೋರ್ಟ್ ಕೆಟ್ಟಿದೆ, ತಟ್ಟೆಯದೇನೂ ತಪ್ಪಿಲ್ಲ. 5 ಮತ್ತು 197ನೆಯ ಸಾಲುಗಳು ಏರುತ್ತಿದ್ದರೆ ತಟ್ಟೆಯೇ ಹಾಳಾಗುತ್ತಿದೆ. 10ನೆಯ ಸಾಲು ತಿರುಗಲು ಮತ್ತೆ ಯತ್ನಿಸಿದ ಲೆಕ್ಕ. ಅದು ಸೊನ್ನೆ ಬಿಟ್ಟು ಏರಿದ್ದರೆ ಮೋಟರು ಒಂದೇ ಯತ್ನಕ್ಕೆ ಎದ್ದಿಲ್ಲ ಎಂದಾಯಿತು. ಅನುಮಾನದ ವಸ್ತುಗಳನ್ನು ಒಟ್ಟಿಗೆ ಬದಲಾಯಿಸಬೇಡಿ. ಎರಡು ಡಿಸ್ಕುಗಳ ಕೇಬಲ್ ಮಾತ್ರ ಅದಲುಬದಲು ಮಾಡಿ ನೋಡಿ, ಆಮೇಲೆ ಪೋರ್ಟ್. ದೋಷ ಕೇಬಲಿನ ಹಿಂದೆ ಹೋಯಿತೋ, ಪೋರ್ಟಿನಲ್ಲೇ ಉಳಿಯಿತೋ, ಡಿಸ್ಕಿಗೇ ಅಂಟಿಕೊಂಡಿದೆಯೋ ಆಗ ತಿಳಿಯುತ್ತದೆ.

ಸ್ಮಾರ್ಟ್ ಪಟ್ಟಿ ಶುಭ್ರವಾಗಿದೆ ಎಂದು ನಿಶ್ಚಿಂತರಾಗುವುದೂ ತಪ್ಪು. ಗೂಗಲ್‌ನ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚಕಗಳಲ್ಲಿ ಯಾವೊಂದರಲ್ಲೂ ಎಚ್ಚರಿಕೆ ಕೊಟ್ಟಿರಲಿಲ್ಲ.

ಡಿಸ್ಕು ಬಂದಿದ್ದೂ ಬಂದಿಲ್ಲವೆಂದು ಕಾಣುವ ಸಂದರ್ಭವೂ ಇದೆ. ಲಿನಕ್ಸ್ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಬಂದ ಕ್ರಮದಲ್ಲಿ ಹೆಸರಿಡುತ್ತದೆ. ಎಲ್ಲ ಪೋರ್ಟುಗಳನ್ನೂ ಏಕಕಾಲಕ್ಕೆ ವಿಚಾರಿಸುವುದರಿಂದ ಇಂದು ಎಸ್‌ಡಿಬಿ ಆದದ್ದು ನಾಳೆ ಎಸ್‌ಡಿಎ ಆಗಬಹುದು. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈ ಹೆಸರು ಬರೆದಿದ್ದರೆ ಒಂದು ದಿನ ಎಲ್ಲ ಎಡವಟ್ಟಾಗುತ್ತದೆ. ಬದಲಿಗೆ ಯುಯುಐಡಿ ಬರೆಯಿರಿ. ಅದು ಫೈಲ್‌ಸಿಸ್ಟಮ್ಮಿಗೆ ಹುಟ್ಟುವಾಗಲೇ ಕೊಟ್ಟ ಗುರುತು, ಪೋರ್ಟ್ ಬದಲಾದರೂ ಬದಲಾಗುವುದಿಲ್ಲ. ಕಾಣದ ಡಿಸ್ಕಿಗಾಗಿ, ಲಿನಕ್ಸ್‌ನ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಬೂಟ್ ನಿಲ್ಲಿಸಿ ತುರ್ತು ಪರದೆಗೆ ತಂದುಬಿಡುತ್ತದೆ. ಎಫ್‌ಎಸ್‌ಟ್ಯಾಬ್‌ನ ಆ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿಸಿದರೆ ಡಿಸ್ಕು ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತದೆ.

ಬಹಳ ಜನ ಇಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಅಪಾಯ ಶುರುವಾಗುವುದೇ ಇಲ್ಲಿಂದ. ಬ್ಯಾಕಪ್ ಆಗಬೇಕಾದ ಡಿಸ್ಕು ಬೆಳಿಗ್ಗೆ ಬರಲಿಲ್ಲ ಎನ್ನಿ. ನೋಫೇಲ್ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟಿಗೆ ಫೋಲ್ಡರ್ ಕಾಣುತ್ತದೆ, ಆದರೆ ಅದು ಡಿಸ್ಕು ಜೋಡಿಸಲೆಂದು ಇಟ್ಟ ಖಾಲಿ ಫೋಲ್ಡರು, ಇರುವುದು ಮೊದಲ ಡಿಸ್ಕಿನಲ್ಲಿ. ಮೂಲವೂ ನಕಲೂ ಒಂದೇ ತಟ್ಟೆಯ ಮೇಲೆ ಕೂರುತ್ತವೆ, ತಿಂಗಳುಗಟ್ಟಲೆ. ಆ ಡಿಸ್ಕು ಹೋದರೆ ಎರಡೂ ಹೋದವು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಮೌಂಟ್‌ಪಾಯಿಂಟ್’ ಆದೇಶದಿಂದ ಡಿಸ್ಕು ನಿಜವಾಗಿ ಜೋಡಿಸಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ನಿಲ್ಲಿಸಬೇಕು. ಈ ಒಂದು ಸಾಲನ್ನು ದಯವಿಟ್ಟು ಬಿಡಬೇಡಿ.

ಯುಎಸ್‌ಬಿ ಡಿಸ್ಕುಗಳಿಗೂ ಇದೇ ವಿಜ್ಞಾನ. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್, 3.0 ಕೊಡುವುದು 900. ಎರಡೂವರೆ ಇಂಚಿನ ಡಿಸ್ಕು ಏಳುವಾಗ ಸುಮಾರು 1,000 ಕೇಳಬಹುದು. ಉದ್ದ ಕೇಬಲ್, ಪೆಟ್ಟಿಗೆಯ ಮುಂಭಾಗದ ಪೋರ್ಟು, ಸ್ವಂತ ವಿದ್ಯುತ್ ಇಲ್ಲದ ಹಬ್ ಮೂರನ್ನೂ ಬಿಟ್ಟು ಹಿಂದಿನ ಪೋರ್ಟಿಗೆ ನೇರ ಜೋಡಿಸಿದರೆ ಅರ್ಧ ದೂರುಗಳು ಉಳಿಯುವುದಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾಡುವ ಮೊದಲು ಒಂದು ಕೆಲಸವಿದೆ, ಅದನ್ನು ಕೊನೆಗೆ ಹೇಳುತ್ತಿರುವುದು ಓದಿ ಮುಗಿಸಿದಾಗ ಅದೇ ಮನಸ್ಸಿನಲ್ಲಿ ಉಳಿಯಲಿ ಎಂದು. ತಡವಾಗಿ ಏಳುವ ಡಿಸ್ಕು ಇನ್ನೆಷ್ಟು ಸಲ ಏಳುತ್ತದೆಂದು ಯಾವ ಲಾಗೂ ಹೇಳುವುದಿಲ್ಲ, ಮತ್ತು ಪ್ರತಿ ಪರೀಕ್ಷೆಗೂ ಅದನ್ನು ಒಮ್ಮೆ ಎಬ್ಬಿಸಲೇಬೇಕು. ಹಾಗಾಗಿ ಡಿಸ್ಕು ಕಾಣಿಸಿಕೊಂಡ ದಿನ ಕಂಪ್ಯೂಟರನ್ನು ಆಫ್ ಮಾಡದೆ, ಬೇಕಾದ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಿ. ಮತ್ತೆ ಸಿಗದಂಥವು ಮೊದಲು: ಮನೆಯವರ ಫೋಟೊ, ಹಿರಿಯರ ದನಿ, ಹಾಡು, ದಾಖಲೆ ಪತ್ರ. ಓದಲು ತಡವರಿಸುತ್ತಿದ್ದರೆ ಸಾಮಾನ್ಯ ಕಾಪಿ ಬಿಟ್ಟು ಗ್ನೂ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಬರುವ ಭಾಗಗಳನ್ನು ಮೊದಲು ತೆಗೆದಿಟ್ಟು, ಕಷ್ಟದವನ್ನು ಆಮೇಲೆ ನೋಡುತ್ತದೆ, ಮ್ಯಾಪ್ ಕಡತದ ಹೆಸರು ಕೊಟ್ಟು ಓಡಿಸಿದ್ದರೆ ನಡುವೆ ಕರೆಂಟು ಹೋದರೂ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ. ನಿಮ್ಮ ಡಿಸ್ಕು ಇಂದು ಕಾಣಿಸುತ್ತಿದ್ದರೆ ಓದು ಬದಿಗಿಟ್ಟು ಈಗಲೇ ನಕಲು ಮಾಡಿಕೊಳ್ಳಿ.